ಒಂದೊಂದೇ ಭಾಗ ಬದಲಿಸಿಕೊಂಡು ಬಂದ ಏರ್ ರೈಫಲ್, ಈಗ ಗ್ರೂಪ್ (ಪೆಲೆಟ್ ಬಿದ್ದ ತೂತುಗಳ ಗುಂಪು) ಚದುರುತ್ತಿದೆ. ಬ್ಯಾರೆಲ್ ಬದಲಿಸಬೇಕಾ?

ಹೊಸಗುರಿ:
ನಮಸ್ಕಾರ. ನನ್ನ ಹತ್ತಿರ ಇರುವುದು 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್, ಬ್ಯಾರೆಲ್ ಮಡಚಿ ಕಾಕ್ ಮಾಡುವ, ಅಂದರೆ ಸ್ಪ್ರಿಂಗ್ ಬಿಗಿ ಮಾಡುವ ಮಾದರಿ. ಒಂದೇ ಸಲಕ್ಕೆ ಒಳ್ಳೆಯದು ಕೊಳ್ಳುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಮೂರು ವರ್ಷದಿಂದ ಇದನ್ನೇ ಸ್ವಲ್ಪ ಸ್ವಲ್ಪ ಸುಧಾರಿಸುತ್ತಾ ಬಂದಿದ್ದೇನೆ. ಮೊದಲು ಟ್ರಿಗರ್ ಬದಲಿಸಿದೆ. ಆಮೇಲೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್ ಹಾಕಿದೆ. ಎರಡು ತಿಂಗಳ ಹಿಂದೆ ಮರದ ಸ್ಟಾಕ್ (ರೈಫಲ್ ಕೂರುವ ಹಿಡಿಕೆ) ಬಂತು.

ಹಳೆಯ ರೂಪದಲ್ಲಿ 10 ಮೀಟರ್‌ಗೆ ಐದು ಪೆಲೆಟ್ 13–14 ಮಿ.ಮೀ. ಒಳಗೆ ಬೀಳುತ್ತಿದ್ದವು. ಈಗ 35 ಮಿ.ಮೀ. ಆಗಿದೆ. ಇಷ್ಟೆಲ್ಲ ಖರ್ಚು ಮಾಡಿ ಹಿಂದಕ್ಕೆ ಹೋದೆನಲ್ಲ ಅಂತ ತುಂಬಾ ಬೇಜಾರು. ಬ್ಯಾರೆಲ್ ಸವೆದಿದೆ ಅನ್ನಿಸುತ್ತಿದೆ. ಹೊಸದಕ್ಕೆ ದುಡ್ಡು ಕೂಡಿಸಿದ್ದೇನೆ. ತೆಗೆದುಕೊಳ್ಳಲಾ?

ಹಳೇಕೈ:
ಬೇಡ, ದುಡ್ಡು ಹಾಗೇ ಇರಲಿ. ಸೀಸದ ಪೆಲೆಟ್ ಹೊಡೆಯುವ ಏರ್ ರೈಫಲ್ ಬ್ಯಾರೆಲ್ ಮೂರು ವರ್ಷಕ್ಕೆ ಸವೆಯುವುದಿಲ್ಲ. ಸೀಸ ಮೆತ್ತಗಿನ ಲೋಹ, ಉಕ್ಕನ್ನು ಅಷ್ಟು ಬೇಗ ತಿನ್ನುವುದಿಲ್ಲ. ಬಾಯಿಯ ಅಂಚಿಗೆ ಪೆಟ್ಟು ಬಿದ್ದಿದ್ದರೆ ಮಾತ್ರ ಬೇರೆ ಮಾತು. ಲೆನ್ಸ್ ಹಿಡಿದು ಒಮ್ಮೆ ನೋಡಿ.

ಮೂರು ವಿಷಯ ಹೇಳಿ. ಗ್ರೂಪ್ ಸುತ್ತಲೂ ಚದುರುತ್ತದಾ, ಒಂದೇ ದಿಕ್ಕಿಗೆ ಉದ್ದವಾಗುತ್ತದಾ? ಪೆಲೆಟ್ ಯಾವುದು? ಆ ಸ್ಕೋಪ್ ಏರ್ ರೈಫಲ್‌ಗೆ ಅಂತಲೇ ಮಾಡಿದ್ದಾ?

ಹೊಸಗುರಿ:
ಬಾಯಿ ಚೆನ್ನಾಗಿದೆ ಸರ್. ಮೊದಲಿಂದಲೂ ಅದೇ ಚಪ್ಪಟೆ ಮೂತಿಯ ಸೀಸದ ಪೆಲೆಟ್. ನೀವು ಕೇಳಿದ ಮೇಲೆ ಹಳೆಯ ಟಾರ್ಗೆಟ್ ಕಾಗದಗಳನ್ನು ತೆಗೆದು ನೋಡಿದೆ. ಎಷ್ಟೋ ಕಾಗದಗಳಲ್ಲಿ ಎರಡು ಪುಟ್ಟ ಗುಂಪುಗಳಿವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಅದರ ಜೊತೆಗೆ ಹೊಡೆಯುತ್ತಾ ಹೋದಂತೆ ಎಲ್ಲವೂ ಮೇಲಕ್ಕೆ ಏರುತ್ತಿದೆ. ಸ್ಕೋಪ್ ಒಬ್ಬ ಸ್ನೇಹಿತರು ಕೊಟ್ಟಿದ್ದು, ದೊಡ್ಡ ರೈಫಲ್‌ದು.

ಹಳೇಕೈ:
ಹಾಗಾದರೆ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಸೇರಿವೆ ಅಂತ ನನ್ನ ಲೆಕ್ಕ.

ಎರಡು ಗುಂಪು ಬೀಳುವುದಕ್ಕೆ ಮೊದಲ ಅನುಮಾನ ಸ್ಟಾಕ್ ಸ್ಕ್ರೂ ಮೇಲೆ. ಹೊಸ ಮರ ಸ್ಕ್ರೂ ತಲೆಯ ಕೆಳಗೆ ನಿಧಾನಕ್ಕೆ ಅಮುಕಿಕೊಳ್ಳುತ್ತದೆ. ಬಿಗಿಯಾಗಿದ್ದ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಆಗ ರೈಫಲ್ ಪ್ರತಿ ಹೊಡೆತಕ್ಕೂ ಸ್ಟಾಕ್‌ನಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕೂರುತ್ತದೆ. ಸ್ಟಾಕ್‌ನ ಮುಂಭಾಗದ ಎರಡು ಸ್ಕ್ರೂಗಳನ್ನು ನೋಡಿ. ಕೆಳಗೆ ಬಟ್ಟಲು ಆಕಾರದ ವಾಷರ್ ಇಲ್ಲದಿದ್ದರೆ ಹಾಕಿ. ಸಿಕ್ಕಾಪಟ್ಟೆ ಬಿಗಿ ಮಾಡಬೇಡಿ, ಮರ ಸೀಳುತ್ತದೆ.

ಮೇಲಕ್ಕೆ ಏರುವುದಕ್ಕೆ ಸ್ಕೋಪ್ ಕಾರಣ ಇರಬೇಕು. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆಯಲ್ಲಿ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಎಗರುತ್ತದೆ. ಆ ಮುಂದಿನ ಎಗರಿಗೆ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಅಂದರೆ ಸ್ಕೋಪ್ ಕೂರಿಸುವ ಹಳಿಯ ಮೇಲೆ ಅದು ಹಿಂದಕ್ಕೆ ಜಾರುತ್ತದೆ. ಎಷ್ಟೋ ಸಾಮಾನ್ಯ ಸ್ಕೋಪ್‌ಗಳು ಒಂದೇ ದಿಕ್ಕಿನ ಒದೆತಕ್ಕೆ ತಯಾರಾದವು. ಅಂಥವು ಇಲ್ಲಿ ಒಳಗೇ ಸಡಿಲಗೊಳ್ಳಬಹುದು.

ಎರಡಕ್ಕೂ ಒಂದೇ ದಿನ ಕೈ ಹಾಕಬೇಡಿ. ಒಂದು ಸರಿ ಮಾಡಿ, ಹೊಡೆದು ನೋಡಿ, ಬರೆದಿಡಿ. ಆಮೇಲೆ ಇನ್ನೊಂದು. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಬಜೆಟ್ ಕಡಿಮೆ ಇರುವವರಿಗೆ ಆ ಬರೆದಿಟ್ಟ ಕಾಗದವೇ ಆಸ್ತಿ.

ಪೆಲೆಟ್‌ಡಬ್ಬಿ:
ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಗುರಿ ಸರಿದಂತೆ ಕಾಣುವುದು, ಅದನ್ನೂ ನೋಡಿ. ದೊಡ್ಡ ರೈಫಲ್ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಮೀಟರ್ ಆಸುಪಾಸಿಗೆ ಹೊಂದಿಸಿರುತ್ತಾರೆ. 10 ಮೀಟರ್‌ಗೆ ಕಣ್ಣು ಚೂರು ಸರಿದರೂ ಗುರಿ ಸರಿಯುತ್ತದೆ. ಪರೀಕ್ಷೆಗೆ ಖರ್ಚಿಲ್ಲ. ಖಾಲಿ ರೈಫಲ್ ಅನ್ನು ಅಲುಗಾಡದಂತೆ ಚೀಲದ ಮೇಲಿಡಿ, ಮುಟ್ಟಬೇಡಿ, ಸ್ಕೋಪ್ ಹಿಂದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಸ್ಕೋಪ್ ಒಳಗಿನ ಗುರಿಗೆರೆ ಟಾರ್ಗೆಟ್ ಮೇಲೆ ಓಡಾಡಿದರೆ ಅದೇ ತೊಂದರೆ.

ಇನ್ನೊಂದು ಮಾತು. ಹೊಡೆಯುವಾಗ ಗಟ್ಟಿ ಮೇಜಿನ ಮೇಲೆ ಇಟ್ಟು ಹೊಡೆಯಬೇಡಿ. ಸ್ಪ್ರಿಂಗ್ ರೈಫಲ್ ಪುಟಿಯುತ್ತದೆ. ಚೀಲದ ಮೇಲೆ ಕೈ, ತೆರೆದ ಅಂಗೈ ಮೇಲೆ ರೈಫಲ್. ಬಿಗಿಯಾಗಿ ಹಿಡಿಯದೆ ಅದರ ಪಾಡಿಗೆ ಬಿಡಿ.

ನಿಧಾನಿ:
ಬ್ಯಾರೆಲ್ ಮಡಚುವ ಕೀಲಿನ ಬೋಲ್ಟ್, ಅಂದರೆ ಹಿಂಜ್ ಬೋಲ್ಟ್ ಮರೀಬೇಡಿ. ಕಾಕ್ ಮಾಡದೆ, ಬ್ಯಾರೆಲ್ ಮುಚ್ಚಿರುವಾಗ ಪಕ್ಕಕ್ಕೆ ಅಲುಗಾಡಿಸಿ ನೋಡಿ. ಸ್ವಲ್ಪವೂ ಆಡಬಾರದು.

ಹೊಸಗುರಿ:
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೊಂದಾಗಿ ಮಾಡಿದೆ.

ಹಿಂಜ್ ಗಟ್ಟಿಯಾಗಿದೆ. ಮುಂಭಾಗದ ಸ್ಕ್ರೂಗಳು ಎರಡೂ ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿದವು! ವಾಷರ್ ಹಾಕಿದೆ. ಎರಡು ಗುಂಪು ಒಂದಾಯಿತು, 22 ಮಿ.ಮೀ.ಗೆ ಬಂತು. ಆದರೆ ಏರುವುದು ನಿಲ್ಲಲಿಲ್ಲ.

ಆಮೇಲೆ ಸ್ಕೋಪ್ ಹಿಡಿದಿಡುವ ಮೌಂಟ್ ಹಿಂದೆ ಹಳಿಗೆ ಟೇಪ್ ಅಂಟಿಸಿ ಪೆನ್ಸಿಲ್ ಗೆರೆ ಎಳೆದೆ. 30 ಹೊಡೆತಕ್ಕೆ ಮೌಂಟ್ ಗೆರೆ ದಾಟಿ ಸುಮಾರು 1 ಮಿ.ಮೀ. ಹಿಂದಕ್ಕೆ ಬಂದಿತ್ತು. ತಲೆ ಆಡಿಸಿದಾಗ ಸ್ಕೋಪ್ ಒಳಗಿನ ಗುರಿಗೆರೆಯೂ ಓಡಾಡಿತು. ಸ್ಕೋಪ್ ತೆಗೆದು ರೈಫಲ್ ಜೊತೆ ಬಂದಿದ್ದ ಹಳೆಯ ಸೈಟ್ ಹಾಕಿ ಹೊಡೆದೆ. ಐದು ಪೆಲೆಟ್, 13 ಮಿ.ಮೀ. ಕಾಗದ ನೋಡಿ ಎಷ್ಟು ಖುಷಿಯಾಯಿತು ಅಂದರೆ ಅದನ್ನು ಗೋಡೆಗೆ ಅಂಟಿಸಿದ್ದೇನೆ.

ಬ್ಯಾರೆಲ್ ಆಸೆ ಬಿಟ್ಟೆ. ಈಗ ಏರ್ ರೈಫಲ್ ಸ್ಕೋಪ್ ಕೊಳ್ಳಲಾ, ಬೇರೆ ಏನಾದರೂ?

ಹಳೇಕೈ:
ತುಂಬಾ ಸಂತೋಷ. ಮುಂದೆ ಏನು ಹೊಡೆಯಬೇಕು ಅಂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. 10 ಮೀಟರ್ ಸ್ಪರ್ಧೆಯ ಆಸೆ ಇದ್ದರೆ ಸ್ಕೋಪ್ ಬೇಡವೇ ಬೇಡ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮದಲ್ಲಿ ಆ ವಿಭಾಗಕ್ಕೆ ಸ್ಕೋಪ್ ಬಿಡುವುದಿಲ್ಲ. ಅಲ್ಲಿನ 10 ಅಂಕದ ಚುಕ್ಕೆ ಬರೀ 0.5 ಮಿ.ಮೀ., ಅದನ್ನು ಪೀಪ್ ಸೈಟ್‌ನಲ್ಲೇ (ಪುಟ್ಟ ರಂಧ್ರದ ಮೂಲಕ ಗುರಿ ನೋಡುವ ಸೈಟ್) ಹೊಡೆಯುತ್ತಾರೆ. ಹಿಂಭಾಗಕ್ಕೆ ಪೀಪ್ ಸೈಟ್ ಒಂದನ್ನು ಹಾಕಿಕೊಳ್ಳಿ. ಹಳಿಗೆ ಸರಿಹೊಂದಿದರೆ ಮುಂದೆ ರೈಫಲ್ ಬದಲಿಸಿದಾಗಲೂ ಕೈಗೆ ಬರುತ್ತದೆ.

ಸ್ಕೋಪ್ ಬೇಕೇ ಬೇಕು ಅಂದರೆ 10 ಮೀಟರ್‌ವರೆಗೆ ಫೋಕಸ್ ಇಳಿಯುವಂಥದ್ದು, ಸ್ಪ್ರಿಂಗ್ ರೈಫಲ್‌ಗೆ ಅಂತ ಬರೆದಿರುವುದು ನೋಡಿ. ಮೌಂಟ್‌ನಲ್ಲಿ ಸ್ಟಾಪ್ ಪಿನ್ ಇರಲಿ, ಅದು ರೈಫಲ್ ಮೇಲಿನ ರಂಧ್ರದಲ್ಲಿ ಕೂರಬೇಕು.

ಪೆಲೆಟ್‌ಡಬ್ಬಿ:
ಉಳಿದ ದುಡ್ಡಿಗೆ ನಾಲ್ಕೈದು ಬಗೆಯ ಪೆಲೆಟ್ ತನ್ನಿ. ಒಂದೇ ಬ್ಯಾರೆಲ್‌ಗೆ ಒಂದು ಡಬ್ಬಿ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ತಲೆಯ ಅಳತೆ 4.49, 4.50, 4.51 ಅಂತ ಬರುತ್ತದೆ, ಅಷ್ಟು ವ್ಯತ್ಯಾಸವೂ ಕಾಗದದಲ್ಲಿ ಕಾಣಬಹುದು. ಹೊಸ ಬಗೆ ಹಾಕಿದಾಗ ಮೊದಲ ಹದಿನೈದು ಇಪ್ಪತ್ತು ಹೊಡೆತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹೊಸಗುರಿ:
ಸ್ಪರ್ಧೆಯ ಆಸೆ ಖಂಡಿತ ಇದೆ ಸರ್. ಹಾಗಾದರೆ ಪೀಪ್ ಸೈಟ್, ಜೊತೆಗೆ ಪೆಲೆಟ್. ಸ್ಕೋಪ್ ಅನ್ನು ಸ್ನೇಹಿತರಿಗೆ ವಾಪಸ್ ಕೊಡುತ್ತೇನೆ. ಕೊಡುವ ಮುಂಚೆ ಒಳಗೆ ಏನಾದರೂ ಸಡಿಲವಾಗಿದೆಯಾ ಅಂತ ಅವರ ಎದುರಿಗೇ ನೋಡಿಸುತ್ತೇನೆ.

ನಿಧಾನಿ:
ಒಳ್ಳೆಯದು. ಪ್ರತಿ ಸಲ ಹೊಡೆಯುವ ಮೊದಲು ಆ ಎರಡು ಸ್ಕ್ರೂ ಒಮ್ಮೆ ನೋಡಿ. ಹೊಸ ಮರ ಇನ್ನೂ ಸ್ವಲ್ಪ ದಿನ ಅಮುಕಿಕೊಳ್ಳುತ್ತಲೇ ಇರುತ್ತದೆ.