20 ಗುಂಟೆಯಲ್ಲಿ ಸ್ಪಿರುಲಿನಾ ಹಾಕಿ ನೀಲಿ ಬಣ್ಣ ತೆಗೆದರೆ ಗಿಟ್ಟುತ್ತಾ?

ಚಿಂತಾಮಣಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ 20 ಗುಂಟೆ ಖಾಲಿ ಬಿದ್ದಿದೆ. ಟೊಮೆಟೊ ನಂಬಿ ಎರಡು ಸಲ ಕೈ ಸುಟ್ಟುಕೊಂಡಿದ್ದೇವೆ. ಈಗ ಒಬ್ಬರು ಬಂದು, ಸ್ಪಿರುಲಿನಾ ಪಾಚಿ ಬೆಳೆಸಿ ಅದರಿಂದ ಫೈಕೋಸಯನಿನ್ ಅನ್ನೋ ನೀಲಿ ಬಣ್ಣ ತೆಗೆದರೆ ಐಸ್‌ಕ್ರೀಮ್, ಮಿಠಾಯಿ ಮಾಡೋರು ಕಿಲೋಗೆ ಸಾವಿರಾರು ರೂಪಾಯಿ ಕೊಡುತ್ತಾರೆ, 500 ಚದರ ಮೀಟರ್ ತೊಟ್ಟಿ ಕಟ್ಟಿದರೆ ಸಾಕು ಅಂತಿದ್ದಾರೆ. ನೀರು ಬೋರ್‌ವೆಲ್‌ದು, ಗಡಸು. ಸಾಲ ಮಾಡೋ ಮುಂಚೆ ಲೆಕ್ಕ ಗೊತ್ತಿರೋರು ಹೇಳಿ.

ಪಾವಗಡ ಪಾಚಿ:
ಅಣ್ಣ, ಕಿಲೋ ರೇಟಿನಿಂದ ಲೆಕ್ಕ ಶುರು ಮಾಡಬೇಡಿ, ತೊಟ್ಟಿಯಿಂದ ಶುರು ಮಾಡಿ. 500 ಚದರ ಮೀಟರ್, 20 ಸೆಂ.ಮೀ. ಆಳ ಅಂದರೆ 1 ಲಕ್ಷ ಲೀಟರ್ ನೀರು. ಪಾಚಿ ಬೆಳೆಯೋ ನೀರಿಗೆ ಏನೇನು ಎಷ್ಟೆಷ್ಟು ಹಾಕಬೇಕು ಅನ್ನೋ ಜಾರೂಕ್ ಹೆಸರಿನ ಹಳೇ ಲೆಕ್ಕದಲ್ಲಿ ಲೀಟರ್‌ಗೆ 16.8 ಗ್ರಾಂ ಅಡುಗೆ ಸೋಡಾ, ಅಂದರೆ ತೊಟ್ಟಿ ತುಂಬಿಸೋಕೇ 1680 ಕಿಲೋ. ಅರ್ಧಕ್ಕೆ ಇಳಿಸಿದರೂ 840. ದಿನಕ್ಕೆ ಚದರ ಮೀಟರ್‌ಗೆ 6 ಗ್ರಾಂ ಒಣ ಪಾಚಿ ಬಂತು ಅನ್ನಿ, 3 ಕಿಲೋ ಆಯಿತು. 300 ದಿನಕ್ಕೆ 900 ಕಿಲೋ, ಅದರಲ್ಲಿ ನೀಲಿ ಶೇಕಡ 10 ಅಂದರೆ 90 ಕಿಲೋ. ಅದೂ ಪೂರ್ತಿ ಕೈಗೆ ಬರಲ್ಲ. ಲೀಟರ್‌ಗೆ ಅರ್ಧ ಗ್ರಾಂ ಪಾಚಿ ಇದ್ದರೆ ಆ 3 ಕಿಲೋಗೆ ದಿನಾ 6000 ಲೀಟರ್ ಸೋಸಬೇಕು. ಸ್ಪಿರುಲಿನಾ ಸುರುಳಿ ಎಳೆ ಆಗಿರೋದರಿಂದ ಬಟ್ಟೆಯಲ್ಲೇ ನಿಲ್ಲುತ್ತೆ, ಅದೊಂದು ಪುಣ್ಯ. ಕೆಂಪು ಬಣ್ಣದ ಹೆಮಟೊಕಾಕಸ್ ಅನ್ನೋ ಪಾಚಿಗೆ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ನೀರಿಂದ ಬೇರ್ಪಡಿಸೋ ಯಂತ್ರ) ಬೇಕು, ಸಿಹಿ ನೀರಲ್ಲಿ ಬೆಳೆಯೋದರಿಂದ ಬೇರೆ ಜೀವಿಗಳು ಬೇಗ ಸೇರಿಬಿಡುತ್ತವೆ. ಕಿತ್ತಳೆ ಬಣ್ಣದ ಡುನಾಲಿಯೆಲ್ಲಾ ಪಾಚಿಗೆ ಉಪ್ಪು ನೀರೇ ಬೇಕು.

ಇನ್ನು ಆವಿ. ದಿನಕ್ಕೆ 5 ಮಿ.ಮೀ. ಹೋದರೂ 2500 ಲೀಟರ್! ಅಷ್ಟು ಗಡಸು ನೀರು ದಿನಾ ಸುರಿದರೆ ಸುಣ್ಣದ ಅಂಶ ಸೋಡಾ ಜೊತೆ ಸೇರಿ ಬಿಳಿ ಪುಡಿಯಾಗಿ ತಳದಲ್ಲಿ ಕೂರುತ್ತೆ, ಪಾಚಿಗೂ ಸೇರುತ್ತೆ.

ತುಮಕೂರು ಲ್ಯಾಬ್:
ಸಾರ್, ನಾನು ಆಹಾರ ಪರೀಕ್ಷೆ ಕೆಲಸ ಮಾಡುತ್ತೇನೆ. ಬೆಲೆ ನಿಂತಿರೋದು ಶುದ್ಧತೆ ಮೇಲೆ. ನೀಲಿ ಎಷ್ಟಿದೆ, ಬೇರೆ ಪ್ರೋಟೀನ್ ಎಷ್ಟಿದೆ ಅಂತ 620 ಮತ್ತು 280 ನ್ಯಾನೊಮೀಟರ್ ಬೆಳಕಲ್ಲಿ ಅಳೆದು ಭಾಗಿಸುತ್ತಾರೆ. ಆಹಾರಕ್ಕೆ 0.7 ದಾಟಿದರೆ ಸಾಕು, ಲ್ಯಾಬ್ ಬಳಕೆಗೆ 4ರ ಹತ್ತಿರ ಇರಬೇಕು. ಸಾವಿರಾರು ರೂಪಾಯಿ ಅಂತ ತೋರಿಸೋದು ಯಾವುದರ ಬೆಲೆ ಅಂತ ಮೊದಲು ಕೇಳಿ. ಈ ಬಣ್ಣ 50 ಡಿಗ್ರಿ ಹತ್ತಿರ ಹೋದರೆ ಕೆಡುತ್ತೆ, ಬೆಳಕಿಗೂ ಮಾಸುತ್ತೆ, ನಿಂಬೆಯಂಥ ಹುಳಿಗೂ ತಡೆಯಲ್ಲ. ಹಾಗಾಗಿ ಬಿಸಿಲಲ್ಲಿ ಒಣಗಿಸೋ ಮಾತೇ ಇಲ್ಲ. ತಂಪು ಕೋಣೆ, ಫಿಲ್ಟರ್, ಒಣಗಿಸೋ ಯಂತ್ರ, ಭಾರ ಲೋಹದ ಪರೀಕ್ಷೆ, ಇವೆಲ್ಲ 90 ಕಿಲೋ ತೆಗೆಯೋರಿಗೂ ಬೇಕು, 9000 ಕಿಲೋ ತೆಗೆಯೋರಿಗೂ ಬೇಕು. ಮಾರುಕಟ್ಟೆ ಸುಳ್ಳಲ್ಲ, ಅಮೆರಿಕದಲ್ಲಿ 2013ರಲ್ಲೇ ಮಿಠಾಯಿಗೆ ಒಪ್ಪಿಗೆ ಸಿಕ್ಕಿದೆ. ಆದರೆ ಈ ಅಳತೆಯಲ್ಲಿ ನೀವು ಬಣ್ಣಕ್ಕೆ ಇಳಿಯಬೇಡಿ. ಪಾಚಿ ಪುಡಿ ಮಾರಿ ಗಿಟ್ಟುತ್ತಾ ನೋಡಿ.

ಚಿಂತಾಮಣಿ ತೋಟ:
ಮೇಡಂ, ಅಣ್ಣ, ತುಂಬಾ ಥ್ಯಾಂಕ್ಸ್. ಸೋಡಾ, ಆವಿ ಎರಡನ್ನೂ ಅವರು ಹೇಳಿಯೇ ಇರಲಿಲ್ಲ. ವಾಪಸ್ ಕೊಳ್ಳೋ ಕರಾರು ಇದೆ ಅಂತಾರೆ, ಅದನ್ನ ನಂಬಬಹುದಾ?

ಪಾವಗಡ ಪಾಚಿ:
ಎಷ್ಟು ಶುದ್ಧತೆಗೆ ಎಷ್ಟು ರೇಟು, ಕಡಿಮೆ ಬಂದರೆ ಮಾಲು ಯಾರದು, ಎರಡೂ ಬರೆದಿರಬೇಕು. ಬರೆಯೋಕೆ ಒಪ್ಪದಿದ್ದರೆ ಸಹಿ ಹಾಕಬೇಡಿ. ಮೊದಲು ನೀರು ಪರೀಕ್ಷೆ ಮಾಡಿಸಿ, ನಮ್ಮ ಕಡೆ ಫ್ಲೋರೈಡೂ ಜಾಸ್ತಿ ಅಲ್ವಾ. ಆಮೇಲೆ 10 ಚದರ ಮೀಟರ್ ಟಾರ್ಪಾಲ್ ತೊಟ್ಟಿ ಹಾಕಿ ಡಿಸೆಂಬರ್ ದಾಟಿಸಿ. ಚಳಿ ರಾತ್ರಿಗಳಲ್ಲಿ ಬೆಳೆ ಎಷ್ಟು ನಿಧಾನ ಆಗುತ್ತೆ ಅಂತ ಗೊತ್ತಾಗುತ್ತೆ. ಹೆಪ್ಪಿನಷ್ಟು ಪಾಚಿ ನಾನು ಕೊಡುತ್ತೇನೆ, ಬಂದು ತಗೊಂಡು ಹೋಗಿ.