ಕುಮಿಹಿಮೊ ಕಲಿಯಬೇಕು: ಫೋಮ್ ತಟ್ಟೆ ಸಾಕಾ, ಮರದ ಸ್ಟ್ಯಾಂಡೇ ಬೇಕಾ?

ಕುಚ್ಚಿನ ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಕುಚ್ಚು ಎಲ್ಲಾ ಮಾಡುತ್ತೇನೆ. ಈಗ ಗಿರಾಕಿಗಳು ಬ್ಲೌಸಿನ ಹಿಂದಿನ ಡೋರಿಯನ್ನೂ ಕುಚ್ಚಿನ ಬಣ್ಣಕ್ಕೇ ಹೊಂದಿಸಿಕೊಡಿ ಅಂತ ಕೇಳುತ್ತಿದ್ದಾರೆ. ಟೈಲರ್ ಬಟ್ಟೆ ಮಡಿಚಿ ಹೊಲಿದ ಡೋರಿ ಕುಚ್ಚಿನ ಪಕ್ಕ ಸಪ್ಪೆ ಕಾಣುತ್ತೆ. ಬೇರೆ ಏನಾದರೂ ಇದೆಯಾ ಅಂತ ಹುಡುಕುವಾಗ ಜಪಾನಿನ ಕುಮಿಹಿಮೊ ಸಿಕ್ಕಿತು. ಕಿಮೊನೊ ಮೇಲಿನ ಸೊಂಟಪಟ್ಟಿಗೆ ಕಟ್ಟುತ್ತಾರಲ್ಲ, ಎಳೆ ಹೆಣೆದು ಮಾಡಿದ ಆ ಹುರಿ. ನೋಡಿದ್ದೇ ತಡ, ಕಲಿಯಲೇಬೇಕು ಅನ್ನಿಸಿಬಿಟ್ಟಿದೆ.

ಕೆಲವರು ಸುತ್ತ ಸೀಳಿರುವ, ಆ ಸೀಳಿಗೆ ಎಳೆ ಸಿಕ್ಕಿಸಿ ಹೆಣೆಯುವ ಫೋಮ್ ತಟ್ಟೆ ಸಾಕು ಅಂತಾರೆ. ಕೆಲವರು ಮರದ ಸ್ಟ್ಯಾಂಡ್ ಇಲ್ಲದಿದ್ದರೆ ಅದು ಕುಮಿಹಿಮೊನೇ ಅಲ್ಲ ಅಂತಾರೆ. ಸ್ಟ್ಯಾಂಡಿನ ರೇಟು ನೋಡಿ ಫೋನ್ ಕೆಳಗಿಟ್ಟೆ. ಸದ್ಯಕ್ಕೆ ರಟ್ಟನ್ನು ದುಂಡಗೆ ಕತ್ತರಿಸಿಕೊಂಡು ಎಂಟೆಳೆ ಹೆಣೆಯುತ್ತಿದ್ದೇನೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬರುತ್ತಿದೆ. ಕುಕ್ಕರ್ ಕೂಗಿತು ಅಂತ ಎದ್ದು ಹೋಗಿ ಬಂದರೆ ಯಾವ ಎಳೆಯಿಂದ ಮುಂದುವರಿಸಬೇಕು ಅಂತಲೇ ತಿಳಿಯಲ್ಲ. ಇನ್ನೊಂದು, ಕುಚ್ಚಿನ ರೇಷ್ಮೆ ದಾರ ಇದಕ್ಕೆ ಆಗುತ್ತಾ? ಮನೆಯಲ್ಲಿ ಚೀಲಗಟ್ಟಲೆ ಇದೆ. ತಿಳಿದವರು ಹೇಳಿ.

ಹಾಸನ ಟು ನಗೋಯಾ

ಮೊದಲು ಸ್ಟ್ಯಾಂಡ್ ವಿಷಯ. ತಗೋಬೇಡಿ. ಈಗಂತೂ ಬೇಡವೇ ಬೇಡ.

ನಾನಿರುವುದು ಜಪಾನಿನ ನಗೋಯಾದಲ್ಲಿ. ಇಲ್ಲಿ ಕೊಮಿನ್‌ಕಾನ್ ಅಂತ ಸಮುದಾಯ ಭವನಗಳಿವೆ. ನಮ್ಮ ಏರಿಯಾದ ಭವನದಲ್ಲಿ ನಡೆಯುವ ಕುಮಿಹಿಮೊ ಕ್ಲಾಸಿಗೆ ಹೋಗುತ್ತೇನೆ. ಹೇಳಿಕೊಡುವ ಅಜ್ಜಿ ಮರದ ಸ್ಟ್ಯಾಂಡ್ ಮುಂದೆಯೇ ಆಯಸ್ಸು ಕಳೆದವರು. ಅವರೇ ಹೊಸಬರ ಕೈಗೆ ಮೊದಲು ಕೊಡುವುದು ಫೋಮ್ ತಟ್ಟೆ. ಇನ್ನು ನೆಟ್ಟಿನಲ್ಲಿ ಯಾರೋ ಏನೋ ಅಂದರು ಅಂತ ನೀವ್ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಆದರೆ ಸ್ಟ್ಯಾಂಡ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿದ್ದರೆ ಒಳ್ಳೆಯದು. ನಿಮ್ಮ ದಪ್ಪ–ಸಣ್ಣದ ಉತ್ತರ ಅಲ್ಲೇ ಇದೆ. ಅದರ ಹೆಸರು ಮರುದಾಯ್. ನಾಲ್ಕು ಕಾಲು, ಮೇಲೆ ನಡುವೆ ತೂತಿರುವ ದುಂಡು ಹಲಗೆ. ಒಂದೊಂದು ಎಳೆಯ ತುದಿಗೂ ತಾಮಾ ಅನ್ನುವ ತೂಕದ ಉರುಳೆ ನೇತಾಡುತ್ತಿರುತ್ತೆ. ಹೆಣೆದ ಹುರಿ ತೂತಿನಿಂದ ಕೆಳಗಿಳಿಯುತ್ತೆ. ಅದಕ್ಕೂ ಒಂದು ತೂಕ. 70 ಗ್ರಾಮಿನ ಎಂಟು ತಾಮಾ ಇದ್ದರೆ ಒಟ್ಟು 560 ಗ್ರಾಂ ಆಯಿತು. ಕೆಳಗಿನ ತೂಕ ಅದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ, 250 ಗ್ರಾಂ ಆಸುಪಾಸು. ಕೆಳಗಿನದ್ದು ಜಾಸ್ತಿ ಮಾಡಿದರೆ ಹುರಿ ಸಡಿಲ, ಮೆತ್ತಗೆ. ಕಮ್ಮಿ ಮಾಡಿದರೆ ಬಿಗಿ. ಅಂದರೆ ಬಿಗಿ ಎಷ್ಟಿರಬೇಕು ಅನ್ನುವುದನ್ನು ತೂಕವೇ ನೋಡಿಕೊಳ್ಳುತ್ತೆ. ಕೈಯಿಂದ ಎಳೆಯುವ ಮಾತೇ ಇಲ್ಲ.

ತಟ್ಟೆಯಲ್ಲಿ ಆ ಕೆಲಸ ಸೀಳಿನದ್ದು. ಸೀಳು ಎಳೆಯನ್ನು ಕಚ್ಚಿ ಹಿಡಿದರೆ ಹುರಿ ಸಮ ಬರುತ್ತೆ. ರಟ್ಟಿನ ಸೀಳು ಬೇಗ ಸಡಿಲವಾಗುತ್ತೆ. ನಿಮ್ಮ ಕೈ ಸರಿಯಾಗೇ ಇದೆ, ರಟ್ಟು ಸರಿಯಿಲ್ಲ ಅಷ್ಟೇ. ಮಕ್ಕಳು ಆಡುವ ಜಾಗಕ್ಕೆ ಹಾಸುತ್ತಾರಲ್ಲ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಮ್ಯಾಟು, ಅದರ ಒಂದು ತುಂಡು ಹುಡುಕಿ. 1 ಸೆಂ.ಮೀ. ದಪ್ಪ ಇದ್ದರೆ ಸಾಕು. 15 ಸೆಂ.ಮೀ. ಅಗಲದ ದುಂಡು, ನಡುವೆ 3.5 ಸೆಂ.ಮೀ. ತೂತು, ಸುತ್ತ 32 ಸೀಳು. ಅಳತೆಗೆ ಕೋನಮಾಪಕ ಬೇಡ. ಅಷ್ಟೇ ಅಗಲದ ಕಾಗದದ ದುಂಡನ್ನು ಐದು ಸಲ ಅರ್ಧ ಮಡಚಿ ಬಿಡಿಸಿ. 32 ಗೆರೆ ತಾನಾಗೇ ಸಿಗುತ್ತೆ. ಸೀಳನ್ನು ಬ್ಲೇಡಿನಲ್ಲಿ ಸುಮ್ನೆ ಗೀರಿ, ಚೂರು ತೆಗೆಯಬೇಡಿ. ತೆಗೆದರೆ ಮತ್ತೆ ಅದೇ ಸಡಿಲ.

ಸೀಳುಗಳಿಗೆ ಗಡಿಯಾರದ ದಿಕ್ಕಿನಲ್ಲಿ ನಂಬರ್ ಬರೆಯಿರಿ. 32 ಮತ್ತು 1 ಮೇಲಿರಲಿ. ಎಳೆಗಳು 32–1, 8–9, 16–17, 24–25ರಲ್ಲಿ ಜೋಡಿಯಾಗಿ. ಈಗ ಕೆಳಗಿನ ಜೋಡಿಯ ಎಡದ್ದನ್ನು, ಅಂದರೆ 17ರದ್ದನ್ನು, ಮೇಲಕ್ಕೆ 31ಕ್ಕೆ ತನ್ನಿ. ಮೇಲಿನ ಜೋಡಿಯ ಬಲದ್ದನ್ನು, 1ರದ್ದನ್ನು, ಕೆಳಗೆ 15ಕ್ಕೆ ಇಳಿಸಿ. ತಟ್ಟೆ ಕಾಲು ಸುತ್ತು ತಿರುಗಿಸಿ. ಮತ್ತೆ ಅದೇ. ಒಂದು ಸುತ್ತು ಆದಮೇಲೆ ನಂಬರ್ ಮರೆತುಬಿಡಿ. ಎಡದ್ದು ಮೇಲೆ, ಬಲದ್ದು ಕೆಳಗೆ, ತಿರುಗಿಸು. ಇದು ಕೊಂಗೊ ಗುಮಿ. ಬೇರೆ ಹೆಣಿಗೆ ಕಡೆ ಸದ್ಯಕ್ಕೆ ಕಣ್ಣೆತ್ತಿಯೂ ನೋಡಬೇಡಿ. ಬಣ್ಣ ಬದಲಾಯಿಸುವ ಆಸೆ ಇದ್ದರೆ ಶುರುವಿನಲ್ಲಿ ಯಾವ ಬಣ್ಣ ಎಲ್ಲಿ ಅನ್ನುವುದನ್ನಷ್ಟೇ ಬದಲಾಯಿಸಿ. ಕೈ ಅದೇ ನಡೆ, ಹುರಿ ಮಾತ್ರ ಬೇರೆ ಬೇರೆ ಡಿಸೈನ್. ಇದೊಂದರಲ್ಲೇ ತಿಂಗಳುಗಟ್ಟಲೆ ಆಡಬಹುದು.

ಇನ್ನು ಕುಕ್ಕರ್ ಸಮಸ್ಯೆ. ಏಳುವ ಮುಂಚೆ ಎಡದ್ದನ್ನು ಮೇಲೆ ತಂದು ಅಲ್ಲಿಗೇ ನಿಲ್ಲಿಸಿ. ಮೇಲೆ ಮೂರೆಳೆ, ಕೆಳಗೆ ಒಂದೇ ಎಳೆ ಇರುತ್ತೆ. ವಾಪಸ್ ಬಂದು ಮೂರಿರುವ ಕಡೆಯನ್ನು ಮೇಲೆ ಹಿಡಿದು ಅದರ ಬಲತುದಿಯದ್ದನ್ನು ಇಳಿಸಿದರೆ ಆಯ್ತು. ಎರಡೆರಡೇ ಇರುವಾಗ ಎದ್ದು ಹೋದರೆ ದೇವರೇ ಗತಿ.

ಇನ್ನೊಂದು ನೋಡಬೇಕಾದ್ದು ತೂತಿನ ನಡುಭಾಗ. ಎಂಟೂ ಎಳೆ ಒಂದೇ ಚುಕ್ಕಿಯಿಂದ ಹೊರಟ ಹಾಗಿರಬೇಕು. ಆ ಚುಕ್ಕಿ ತೂತಿನ ನಟ್ಟನಡುವೆ, ತಟ್ಟೆಯ ಮಟ್ಟಕ್ಕೆ ಇರಬೇಕು. ಒಂದು ಕಡೆಗೆ ವಾಲಿದೆ ಅಂದರೆ ಎದುರು ಕಡೆಯ ಎಳೆ ಸಡಿಲ ಬಿದ್ದಿದೆ. ಆಗಲೇ ಬಿಗಿ ಮಾಡಿ, ಮುಂದೆ ಹೋದಮೇಲೆ ಆಗಲ್ಲ. ಹುರಿಯ ತುದಿಗೆ ಸಣ್ಣ ಪೌಚಿನಲ್ಲಿ ನಾಲ್ಕು ನಟ್ಟು ಬೋಲ್ಟು ಹಾಕಿ ಕಟ್ಟಿ. 50 ಗ್ರಾಂ ಸಾಕು.

ಕುಚ್ಚಿನ ದಾರ ಈಗಲೇ ಬೇಡ. ನುಣುಪು ಜಾಸ್ತಿ, ಸೀಳಿಗೆ ಸಿಕ್ಕಿ ನವಿರೇಳುತ್ತೆ. ಕಸೂತಿಯ ಹತ್ತಿ ದಾರದಲ್ಲಿ ಕೈ ಪಳಗಿಸಿ. 8 ಮೀಟರಿನ ಎರಡು ಲಡಿ, ಎರಡು ಬಣ್ಣ. ಪ್ರತಿ ಬಣ್ಣದಲ್ಲಿ 1.8 ಮೀಟರಿನ ನಾಲ್ಕು ತುಂಡು ಮಾಡಿ ಮಧ್ಯಕ್ಕೆ ಮಡಚಿದರೆ 90 ಸೆಂ.ಮೀ. ಉದ್ದದ ಜೋಡಿ ಎಳೆ ಎಂಟು ಸಿಕ್ಕವು. ಅಷ್ಟಕ್ಕೆ ಕೈಗೆ ಕಟ್ಟುವಷ್ಟು ಹುರಿ ಬರುತ್ತೆ. ಬೇಕಾದ ಉದ್ದದ ಮೂರು ಪಟ್ಟು ದಾರ, ಇದು ಲೆಕ್ಕ.

ರೀಲರ್ ಮಗ, ರಾಮನಗರ

ಅಕ್ಕ, ನಿಮ್ಮ ಚೀಲದಲ್ಲಿರುವುದು ರೇಷ್ಮೆನೇನಾ ಅಂತ ಮೊದಲು ನೋಡಿ. ಕುಚ್ಚಿಗೆ "ಸಿಲ್ಕ್ ಥ್ರೆಡ್" ಅಂತ ಮಾರುವುದರಲ್ಲಿ ಜಾಸ್ತಿ ಪಾಲು ವಿಸ್ಕೋಸ್ (ಕೃತಕ ರೇಷ್ಮೆ) ಅಥವಾ ಪಾಲಿಯೆಸ್ಟರ್. ಒಂದು ಎಳೆ ಸುಟ್ಟು ನೋಡಿ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ವಿಸ್ಕೋಸ್ ಕಾಗದ ಉರಿದ ಹಾಗೆ ಉರಿಯುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ.

ಹಾಗಂತ ಇಲ್ಲಿಗೆ ಬಂದು ಹಸಿ ರೇಷ್ಮೆ ನೂಲು ತಗೊಂಡು ಹೋಗಿ ಹೆಣೆಯಬೇಡಿ. ಗೂಡಿಂದ ಬಿಚ್ಚಿದ ನೂಲಿನಲ್ಲಿ ಅಂಟು ಇರುತ್ತೆ, ತೂಕದ ಸುಮಾರು ಕಾಲುಭಾಗ ಅದೇ. ಮುಟ್ಟಿದರೆ ಒರಟು, ಬಣ್ಣವೂ ಮಂಕು. ಸಾಬೂನು ನೀರಲ್ಲಿ ಕುದಿಸಿ ಅಂಟು ತೆಗೆದ ಮೇಲೇ ಹೊಳಪು, ಮೆದು ಎಲ್ಲ. ಬಣ್ಣ ಹಾಕಿಸಿ, ಸ್ವಲ್ಪವೇ ಹುರಿ (ಅಂದರೆ ತಿರುಚು) ಕೊಟ್ಟ ನೂಲು ಕೇಳಿ. ಸೀರೆಯ ಹಾಸು ನೂಲಿಗೆ (ಉದ್ದದ ಎಳೆಗಳಿಗೆ) ಕೊಡುವಷ್ಟು ಹುರಿ ಇದಕ್ಕೆ ಬೇಡ ಅನ್ನಿಸುತ್ತೆ. ನಗೋಯಾ ಮೇಡಂ ಹೇಳಲಿ.

ಹಳೇ ಉಡಿದಾರ

ಎಲ್ಲಾ ಸರಿ. ಆದರೆ ದಾರ ಹೆಣೆಯುವುದನ್ನು ಜಪಾನಿಂದ ಕಲಿಯಬೇಕಾ? ನಮ್ಮಲ್ಲಿ ಉಡಿದಾರ ಇಲ್ವಾ, ಒಡವೆಗೆ ದಾರ ಕಟ್ಟಿಕೊಡುವವರು ಇಲ್ವಾ? ನಾಲ್ಕೆಳೆ ಕೈಯಲ್ಲೇ ಹೆಣೆದರೆ ಡೋರಿ ರೆಡಿ. ತಟ್ಟೆ, ತೂಕ, 32 ಸೀಳು ಎಲ್ಲ ಯಾಕೆ ಬೇಕು?

ಹಾಸನ ಟು ನಗೋಯಾ

@ರೀಲರ್ ಮಗ, ಹೌದು, ಇಲ್ಲೂ ಅಂಟು ತೆಗೆದ ರೇಷ್ಮೆಯೇ. ತೀರಾ ಕಮ್ಮಿ ಹುರಿ. ತೆಳು ನೂಲನ್ನು ಹತ್ತಾರು ಒಟ್ಟು ಸೇರಿಸಿ ಒಂದು ಎಳೆ ಮಾಡುತ್ತಾರೆ. ಸುಟ್ಟು ನೋಡುವ ಐಡಿಯಾ ಚೆನ್ನಾಗಿದೆ.

@ಹಳೇ ಉಡಿದಾರ, ನಾಲ್ಕೆಳೆ ಹೆಣಿಗೆ ಇವರಲ್ಲೂ ಇದೆ, ಯೊತ್ಸು ಗುಮಿ ಅಂತ. ಯಾರೂ ಬೇಡ ಅನ್ನಲಿಲ್ಲ. ಆದರೆ ಇಲ್ಲಿಯ ಹುರಿ ಬರೀ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಸಮುರಾಯ್ ಕವಚದ ಸಣ್ಣ ಸಣ್ಣ ಬಿಲ್ಲೆಗಳನ್ನು ಒಂದಕ್ಕೊಂದು ಕಟ್ಟುತ್ತಿದ್ದುದು, ಕತ್ತಿಯ ಒರೆಯನ್ನು ಸೊಂಟಕ್ಕೆ ಬಿಗಿಯುತ್ತಿದ್ದುದು ಇಂಥ ಹುರಿಗಳೇ. ಟೋಕಿಯೊದ ಉಎನೊದಲ್ಲಿರುವ ದೋಮ್ಯೊ ಅಂಗಡಿ 1652ರಿಂದ ಹುರಿ ಮಾಡುತ್ತಿದೆ. 1876ರಲ್ಲಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ನಿಷೇಧಿಸಿತು. ಕತ್ತಿಗೆ ಹುರಿ ಮಾಡುತ್ತಿದ್ದವರು ಬೀದಿಗೆ ಬರಬೇಕಿತ್ತು. ಅದೇ ಕೈಗಳು ಕಿಮೊನೊದ ಸೊಂಟಪಟ್ಟಿಗೆ ಕಟ್ಟುವ ಒಬಿಜಿಮೆ ಹುರಿಗೆ ತಿರುಗಿದವು. ನಮ್ಮ ನಗೋಯಾದಿಂದ ದೂರವಿಲ್ಲದ ಇಗಾ ಊರು ನಿಂಜಾಗಳಿಗೆ ಹೆಸರುವಾಸಿ. ಅಲ್ಲಿಗೆ ಒಬ್ಬರು ಟೋಕಿಯೊದ ವಿದ್ಯೆಯನ್ನು ತಂದು 1902ರಲ್ಲಿ ಹುರಿ ಕೆಲಸ ಶುರು ಮಾಡಿದರು. ಇವತ್ತು ಜಪಾನಿನಲ್ಲಿ ಕುಮಿಹಿಮೊ ಅಂದರೆ ಇಗಾ, ಕ್ಯೋಟೊ ಅಂತಾರೆ. ಇಗಾದಲ್ಲಿ ಪ್ರವಾಸಿಗರನ್ನೂ ಕೂರಿಸಿ ಹೆಣೆಯಲು ಬಿಡುತ್ತಾರೆ, ಈ ಕಡೆ ಬಂದರೆ ಹೋಗಿ ನೋಡಿ. ನಿಮ್ಮ ಉಡಿದಾರಕ್ಕೆ ಏನೂ ಅವಮಾನ ಆಗಲ್ಲ.

ಕುಚ್ಚಿನ ಮನೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಟ್ಟು ನೋಡಿದೆ. ಚೀಲದಲ್ಲಿರುವುದೆಲ್ಲ ಕಾಗದದ ಹಾಗೆ ಉರಿಯಿತು! ಪಕ್ಕದ ಮನೆ ಮಗುವಿನ ಮ್ಯಾಟಿನ ಒಂದು ತುಂಡು ಕೇಳಿ ತಂದಿದ್ದೇನೆ. ಮೂರು ಎಳೆ ಮೇಲೆ ಬಿಟ್ಟು ಏಳುವುದು ಗೊತ್ತಾದ ಮೇಲೆ ಅರ್ಧ ತಲೆನೋವು ಹೋಯ್ತು. ಈಗ ಎರಡು ಪ್ರಶ್ನೆ. ಡೋರಿ ಉದ್ದ ಅಲ್ವಾ, ಒಂದೂವರೆ ಮೀಟರ್ ಎಳೆಗಳು ಕೆಳಗೆ ಒಂದಕ್ಕೊಂದು ಸಿಕ್ಕಾಗುತ್ತಿವೆ. ಮತ್ತೆ, ಕತ್ತರಿಸಿದ ತಕ್ಷಣ ತುದಿ ಬಿಚ್ಚಿಕೊಳ್ಳುತ್ತೆ. ಏನು ಮಾಡಲಿ ಅಕ್ಕ?

ಹಾಸನ ಟು ನಗೋಯಾ

ವಿಸ್ಕೋಸ್ ಆದರೂ ಹೆಣೆಯಬಹುದು, ಬಿಸಾಡಬೇಡಿ. ಹತ್ತಿ ದಾರದಲ್ಲಿ ಸಮ ಬಂದಮೇಲೆ ಅದರ ಹತ್ತು–ಹನ್ನೆರಡು ಎಳೆ ಸೇರಿಸಿ ಒಂದು ಎಳೆ ಮಾಡಿಕೊಳ್ಳಿ.

ಸಿಕ್ಕಿಗೆ ಬಟ್ಟೆ ಒಣಹಾಕುವ ಕ್ಲಿಪ್ ಇದೆಯಲ್ಲ, ಎಂಟು ತಗೊಳ್ಳಿ. ಒಂದೊಂದು ಎಳೆಯನ್ನೂ ಕ್ಲಿಪ್ಪಿಗೆ ಸುತ್ತಿ, ಒಂದು ಗೇಣು ಮಾತ್ರ ಇಳಿಬಿಟ್ಟು ಕೊನೆಯನ್ನು ಕ್ಲಿಪ್ಪಿನ ಬಾಯಿಗೆ ಕಚ್ಚಿಸಿ. ಗಿಡ್ಡವಾದ ಹಾಗೆಲ್ಲ ಸ್ವಲ್ಪ ಬಿಚ್ಚುತ್ತಾ ಹೋಗಿ. ಎಂಟೂ ಕ್ಲಿಪ್ ಒಂದೇ ತರದ್ದಿರಲಿ. ಒಂದು ಮರದ್ದು ಒಂದು ಪ್ಲಾಸ್ಟಿಕ್ಕಿನದ್ದು ಆದರೆ ತೂಕ ಬೇರೆಯಾಗಿ ಎಳೆತವೂ ಬೇರೆಯಾಗುತ್ತೆ.

ತುದಿಗೆ, ತಟ್ಟೆಯಿಂದ ತೆಗೆಯುವ ಮುಂಚೆಯೇ ಹುರಿಯ ಬುಡಕ್ಕೆ ತೆಳು ದಾರ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ. ಉದ್ದದ ಹುರಿಯನ್ನು ಎರಡು ಡೋರಿ ಮಾಡುವುದಾದರೆ ನಡುವೆ ಒಂದು ಬೆರಳಗಲ ಬಿಟ್ಟು ಎರಡು ಕಡೆ ಹೀಗೆ ಸುತ್ತಿ. ಕತ್ತರಿ ಆ ಎರಡರ ನಡುವೆ ಹಾಕಿ. ಸುತ್ತಿದ ಜಾಗದ ಮೇಲೆ ಒಂದು ಹನಿ ಬಟ್ಟೆ ಗಮ್. ಅದು ಚೆಂದ ಕಾಣಲ್ಲ ಅಂತ ಯೋಚನೆ ಬೇಡ, ಅದನ್ನು ಮುಚ್ಚೋಕೆ ನಿಮ್ಮ ಕುಚ್ಚು ಇದೆಯಲ್ಲ.