ಅಪ್‌ಡೇಟ್: ಬೀದರಿನ ಚಳಿಯಲ್ಲಿ ಮರಗುಲಾಬಿ

ಉದ್ದ ಕಾಂಡದ ತುದಿಗೆ ಕಸಿ ಕಟ್ಟಿದ ಮರಗುಲಾಬಿಗೆ ಬೀದರಿನ ಚಳಿಗಾಲದಲ್ಲಿ ಗೋಣಿಚೀಲ ಸುತ್ತಬೇಕಾ ಅಂತ ನವೆಂಬರಿನಲ್ಲಿ ಕೇಳಿದ್ದೆ. ಬೇಡ ಅಂದವರೇ ಜಾಸ್ತಿ. ಅವರ ಮಾತೇ ನಿಜವಾಯ್ತು. ನೆಲ ಹೆಪ್ಪುಗಟ್ಟುವ ಕಡೆ ಕಸಿ ಗಂಟು ಎತ್ತರದಲ್ಲಿರುವುದರಿಂದ ಚಳಿಗೆ ಸಾಯುತ್ತದೆ. ಅದಕ್ಕೇ ಅಮೆರಿಕದ ಮಿನ್ನೆಸೋಟಾದಲ್ಲಿ ಗುಲಾಬಿ ಗಿಡವನ್ನೇ ಬಾಗಿಸಿ, ಗುಂಡಿಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾರೆ. ನಮ್ಮಲ್ಲಿ ರಾತ್ರಿ 10 ಡಿಗ್ರಿ ಹತ್ತಿರ ಇಳಿದರೂ ಗಿಡಕ್ಕೆ ಏನೂ ಆಗಲಿಲ್ಲ, ನಡುಗಿದ್ದು ನಾವು! ಚೀಲವನ್ನು ಬೇಸಿಗೆಗೆ ಎತ್ತಿಟ್ಟಿದ್ದೇನೆ. 40 ಡಿಗ್ರಿ ದಾಟುವಾಗ ಬರಿ ಕಾಂಡಕ್ಕೆ ನೆರಳು ಬೇಕು, ಅಲ್ವಾ?

ನಿಜವಾಗಿ ಕಾಡಿದ್ದು ಬೂದಿ ರೋಗ. ಹಗಲು ಬಿಸಿಲು, ರಾತ್ರಿ ಥಂಡಿ. ಎಳೆ ಎಲೆ ಮುದುಡಿಕೊಂಡು, ಮೊಗ್ಗಿನ ಕತ್ತಿನ ಮೇಲೆ ಜೋಳದ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ನೀರಲ್ಲಿ ಕಲೆಸುವ ಗಂಧಕವನ್ನು ಲೀಟರಿಗೆ 2 ಗ್ರಾಂ ಹಾಕಿ ಬೆಳಿಗ್ಗೆ ಸಿಂಪಡಿಸಿದೆ, ಹತೋಟಿಗೆ ಬಂತು. ಬಿರುಬಿಸಿಲಲ್ಲಿ ಮಾತ್ರ ಗಂಧಕ ಬೇಡ, ಎಲೆ ಸುಡುತ್ತದೆ.

ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಿ. ಅದು ಕಸಿಗೆ ಬುಡವಾಗಿ ಬಳಸಿದ ಕಾಡು ಗುಲಾಬಿಯ ಚಿಗುರು, ಸುಮ್ನೆ ಬಿಟ್ಟರೆ ಮೇಲಿನ ತಲೆಯನ್ನೇ ಸೊರಗಿಸುತ್ತದೆ. ಊರೆಗೋಲು ಗಂಟಿಗಿಂತ ಸ್ವಲ್ಪ ಮೇಲಿರಲಿ. ಹೂವಿನ ಭಾರಕ್ಕೆ ಗಾಳಿಯೂ ಸೇರಿದರೆ ಮುರಿಯುವುದು ಅಲ್ಲೇ.